ಖಾಲಿ ವ್ಯಾಗನ್ ವಾಪಸ್ ಬರಬೇಕು

ಜೋಡಿ ಹಳಿ ಬರುವ ಮುಂಚೆ ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ಓಡಾಡಿದವರು ನಾಗನಹಳ್ಳಿಯನ್ನು ಮರೆತಿರುವುದಿಲ್ಲ. ಮೈಸೂರು ಬಂದೇ ಬಿಟ್ಟಿತು ಅಂತ ಬ್ಯಾಗು ಹೆಗಲಿಗೇರಿಸಿ ಬಾಗಿಲಲ್ಲಿ ನಿಂತರೆ, ಗಾಡಿ ನಾಗನಹಳ್ಳಿಯಲ್ಲಿ ನಿಂತೇ ಬಿಡುತ್ತಿತ್ತು. ಹತ್ತು ನಿಮಿಷ, ಇಪ್ಪತ್ತು ನಿಮಿಷ. "ಕ್ರಾಸಿಂಗ್ ಐತೆ" ಅಂತ ಯಾರೋ ಹೇಳುತ್ತಿದ್ದರು. ಕಡಲೆಕಾಯಿ ಸಿಪ್ಪೆ ಕಾಲ ಕೆಳಗೆ ಗುಡ್ಡೆಯಾಗುತ್ತಿತ್ತು.

ನಮ್ಮ ದೊಡ್ಡಪ್ಪ ಮೀಟರ್ ಗೇಜ್ ಕಾಲದಲ್ಲಿ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದವರು. ಅವರು ಜೊತೆಗಿದ್ದರೆ ನಾವು ರೈಲನ್ನು ಬೈಯುವ ಹಾಗಿರಲಿಲ್ಲ. "ಗಾಡಿ ಓಡ್ಸೋದು ಏನ್ ಮಹಾ? ಖಾಲಿ ವ್ಯಾಗನ್ನ ಹೊತ್ತಿಗೆ ಸರಿಯಾಗಿ ವಾಪಸ್ ತರೋದು ಅದಲ್ಲ, ಅದು ಕಷ್ಟ" ಅನ್ನುತ್ತಿದ್ದರು. ಆಗ ಅದು ಸುಮ್ನೆ ಹಳೇ ಕಾಲದವರ ಮಾತು ಅನಿಸುತ್ತಿತ್ತು. ಯುದ್ಧಕಾಲದ ರೈಲುಗಳ ಬಗ್ಗೆ ಓದಲು ಶುರು ಮಾಡಿದ ಮೇಲೆ ಗೊತ್ತಾಯಿತು, ಎಷ್ಟೋ ಜನರಲ್‌ಗಳಿಗೆ ತಲೆಗೆ ಹತ್ತದೆ ಹೋದ ವಿಷಯ ಇದೇ ಅಂತ.

ರೈಲಿಗಿಂತ ಮುಂಚೆ ಯುದ್ಧ ಹೇಗಿತ್ತು ಅಂತ ನೋಡಲು ದೂರ ಹೋಗಬೇಕಾಗಿಲ್ಲ. ಶ್ರೀರಂಗಪಟ್ಟಣದ ಹತ್ತಿರದ ಅರಕೆರೆ ಸಾಕು. 1791ರ ಮೇ ತಿಂಗಳು. ಕಾರ್ನ್‌ವಾಲಿಸ್ ಬೆಂಗಳೂರು ಹಿಡಿದು ಟಿಪ್ಪುವಿನ ರಾಜಧಾನಿಯ ಮೇಲೆ ಬಂದಿದ್ದ. ಅರಕೆರೆಯ ಕಾಳಗದಲ್ಲಿ ಗೆದ್ದೂ ಇದ್ದ. ಆದರೆ ಮಳೆ ಹಿಡಿಯಿತು, ದವಸ ಮುಗಿಯಿತು, ಎತ್ತುಗಳು ಸಾಲು ಸಾಲಾಗಿ ಸತ್ತವು. ಕೋಟೆ ಒಡೆಯಲು ಅಷ್ಟು ದೂರದಿಂದ ಎಳೆಸಿಕೊಂಡು ಬಂದಿದ್ದ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಗೆಡವಿ ವಾಪಸ್ ನಡೆದ. ಕೋಟೆ ಕಣ್ಣೆದುರೇ ಇತ್ತು, ಎಳೆಯುವ ಎತ್ತು ಇರಲಿಲ್ಲ. ಮತ್ತೆ 1792ರಲ್ಲಿ ಬಂದಾಗ ಲಂಬಾಣಿಗಳ ಸಾವಿರಾರು ಎತ್ತುಗಳ ಮೇಲೆ ದವಸ ಹೇರಿಸಿಕೊಂಡೇ ಬಂದ. ಟಿಪ್ಪುವಿನ ಕಡೆ ಅಮೃತಮಹಲ್ ಎತ್ತುಗಳಿದ್ದವು. ಫಿರಂಗಿ ಎಳೆಯುವುದಕ್ಕೆಂದೇ ಸಾಕಿದ ತಳಿ ಅದು.

ಎತ್ತಿನ ಲೆಕ್ಕದಲ್ಲಿ ಒಂದು ತೊಡಕಿದೆ. ಎತ್ತು ಹೊರುತ್ತದೆ, ಆದರೆ ತಿನ್ನುತ್ತದೆ ಕೂಡ. ದಾರಿಯಲ್ಲಿ ಮೇವು ಸಿಗದಿದ್ದರೆ ಅದನ್ನೂ ಹೊರಬೇಕು. ದೂರ ಜಾಸ್ತಿಯಾದ ಹಾಗೆ ಮೇವಿನ ಪಾಲು ಏರುತ್ತದೆ, ಸಿಪಾಯಿಯ ಅಕ್ಕಿಯ ಪಾಲು ಇಳಿಯುತ್ತದೆ. ಒಂದು ಹಂತ ದಾಟಿದರೆ ಎತ್ತು ಹೊರುವುದು ತನ್ನ ಹೊಟ್ಟೆಗೆ ಮಾತ್ರ. ಹಾಗಾಗಿ ಹಳೆಯ ಸೈನ್ಯಗಳು ಒಂದೋ ಸುಗ್ಗಿ ನೋಡಿಕೊಂಡು ಹೊರಡುತ್ತಿದ್ದವು, ಇಲ್ಲವೇ ದಾರಿಯ ಊರುಗಳನ್ನು ದೋಚುತ್ತಿದ್ದವು. ಈ ಲೆಕ್ಕವನ್ನು ಮುರಿದದ್ದು ರೈಲು. (ಅದೇ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಒಂದು ಮದ್ದಿನ ಮನೆ ಜೋಡಿ ಹಳಿಗೆ ಅಡ್ಡ ಬಂದಿತ್ತು. 2017ರಲ್ಲಿ ಇಡೀ ಕಟ್ಟಡವನ್ನೇ ಜಾಕ್ ಕೊಟ್ಟು ಎತ್ತಿ, ನೂರು ಮೀಟರಿನಷ್ಟು ದೂರಕ್ಕೆ ಸರಿಸಿ ಇಟ್ಟರು. ಎತ್ತಿನ ಕಾಲದ ಯುದ್ಧ ರೈಲಿಗೆ ದಾರಿ ಬಿಟ್ಟಿತು ಅನ್ನಬಹುದೇನೋ.)

ಯುದ್ಧಕ್ಕೆಂದೇ ಹಳಿ ಹಾಕಿದ ಮೊದಲ ದೊಡ್ಡ ಪ್ರಯತ್ನ ಕ್ರಿಮಿಯಾದ್ದು. 1854ರ ಚಳಿಗಾಲದಲ್ಲಿ ಬಾಲಕ್ಲಾವಾ ಬಂದರಿನ ತುಂಬ ಬ್ರಿಟಿಷರ ಸಾಮಾನಿತ್ತು. ಬಂದರಿನಿಂದ ಮೇಲೆ, ಸೆವಾಸ್ಟೊಪೋಲ್ ಮುತ್ತಿಗೆಯಲ್ಲಿದ್ದ ಸಿಪಾಯಿಗಳು ಹಸಿವು, ಚಳಿಯಿಂದ ಸಾಯುತ್ತಿದ್ದರು. ಮಧ್ಯೆ ಇದ್ದದ್ದು ಕೆಸರು ಅಷ್ಟೆ. 1855ರಲ್ಲಿ ಬ್ರಿಟನ್ನಿನ ದೊಡ್ಡ ರೈಲ್ವೆ ಗುತ್ತಿಗೆದಾರರು, ಪೀಟೋ, ಬ್ರಾಸಿ, ಬೆಟ್ಸ್, ಲಾಭ ಬೇಡ ಅಂದು ಏಳು ವಾರದಲ್ಲಿ ಹಳಿ ಹಾಕಿಸಿ ಕೊಟ್ಟರು. ಕೆಲವು ಕಡೆ ಕುದುರೆ ಎಳೆಯುತ್ತಿತ್ತು, ಕಡಿದಾದ ಏರಿನಲ್ಲಿ ಒಂದೇ ಕಡೆ ನಿಂತ ಎಂಜಿನ್ ಹಗ್ಗ ಸುತ್ತಿ ಎಳೆಯುತ್ತಿತ್ತು. ಹತ್ತುವಾಗ ಮದ್ದುಗುಂಡು, ಇಳಿಯುವಾಗ ಗಾಯಾಳುಗಳು. ಹಳಿ ಹಾಕಿದ ಕೂಲಿಗಳು ಸಿಪಾಯಿಗಳಾಗಿರಲಿಲ್ಲ. ಹಾಗಾದರೆ ಯುದ್ಧದ ಮಧ್ಯೆ ರೈಲು ಯಾರ ಮಾತು ಕೇಳಬೇಕು? ಈ ಪ್ರಶ್ನೆ ಅಲ್ಲಿ ಹುಟ್ಟಿತು, ಉತ್ತರ ಸಿಗಲಿಲ್ಲ.

ಉತ್ತರ ಸಿಕ್ಕಿದ್ದು ಅಮೆರಿಕದ ಅಂತರ್ಯುದ್ಧದಲ್ಲಿ. 1862ರ ಫೆಬ್ರವರಿಯಲ್ಲಿ ಉತ್ತರ ದಿಕ್ಕಿನ ರಾಜ್ಯಗಳ ಸರ್ಕಾರ ಮಿಲಿಟರಿ ರೈಲ್ವೆಗೆ ಡೇನಿಯಲ್ ಮೆಕ್ಯಾಲಂ ಎಂಬ ರೈಲ್ವೆ ಮನುಷ್ಯನನ್ನು ಮುಖ್ಯಸ್ಥನಾಗಿ ಮಾಡಿತು. ಕೆಲವೇ ವಾರಗಳಲ್ಲಿ ಹರ್ಮನ್ ಹಾಪ್ಟ್ ಬಂದ. ಸೈನಿಕ ಶಾಲೆಯಲ್ಲಿ ಓದಿ, ಆಮೇಲೆ ರೈಲ್ವೆ ಎಂಜಿನಿಯರ್ ಆದವನು. ವರ್ಜೀನಿಯಾದ ಪೊಟೊಮ್ಯಾಕ್ ಕ್ರೀಕ್ ಎಂಬ ಹಳ್ಳದ ಮೇಲಿನ ಸೇತುವೆ ಸುಟ್ಟು ಹೋಗಿತ್ತು. ಹಾಪ್ಟ್ ಕೈಯಲ್ಲಿದ್ದವರು ಕೊಡಲಿ ಕೂಡ ಸರಿಯಾಗಿ ಹಿಡಿಯಲು ಬಾರದ ಸಿಪಾಯಿಗಳು. ಕಾಡಿನಿಂದ ತೊಗಟೆ ಸಮೇತ ಹಸಿ ಮರ ಕಡಿಸಿ, ಸುಮಾರು 120 ಮೀಟರ್ ಉದ್ದದ ಸೇತುವೆಯನ್ನು ಒಂಬತ್ತು ದಿನದ ಕೆಲಸದಲ್ಲಿ ನಿಲ್ಲಿಸಿದ. ಅದನ್ನು ನೋಡಿ ಬಂದ ಅಧ್ಯಕ್ಷ ಲಿಂಕನ್, ಅದರಲ್ಲಿರುವುದು ಬೀನ್ಸ್ ಬಳ್ಳಿ ಹಬ್ಬಿಸುವ ಕೋಲು ಮತ್ತು ಜೋಳದ ದಂಟು ಬಿಟ್ಟರೆ ಬೇರೇನಿಲ್ಲ, ಆದರೂ ಗಂಟೆಗೊಂದು ತುಂಬಿದ ಗಾಡಿ ಅದರ ಮೇಲೆ ಹೋಗುತ್ತಿದೆ ಅಂತ ಬೆರಗಾದ.

ಸೇತುವೆಯ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ಇಷ್ಟವಾಗುವುದು ಹಾಪ್ಟ್ ಜಗಳಗಳು. ಅವನ ಶತ್ರು ಎದುರಿನ ಸೈನ್ಯಕ್ಕಿಂತ ಜಾಸ್ತಿ ಅವನ ಸೈನ್ಯದ ಅಧಿಕಾರಿಗಳೇ. ಒಬ್ಬ ಜನರಲ್‌ಗೆ ಸಾಮಾನು ಬಂತು ಅಂದುಕೊಳ್ಳಿ. ಇಳಿಸಲು ಉಗ್ರಾಣ ಇಲ್ಲ. ವ್ಯಾಗನ್ನೇ ಉಗ್ರಾಣವಾಯಿತು. ಸಾಮಾನು ಅದರಲ್ಲೇ ಇರಲಿ, ಬೇಕಾದಾಗ ಇಳಿಸೋಣ ಅಂದ. ಅವನ ಲೆಕ್ಕಕ್ಕೆ ಅದು ಜಾಣತನವೇ. ಆದರೆ ಆ ವ್ಯಾಗನ್ ವಾಪಸ್ ಹೋಗಿ ಮತ್ತೆ ತುಂಬಿ ಬರಬೇಕಿತ್ತು. ಅದು ನಿಂತಿರುವ ಹಳಿಯ ಮೇಲೆ ಹಿಂದಿನ ಗಾಡಿ ಬರಬೇಕಿತ್ತು.

ನಮ್ಮ ಮಂಡ್ಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅರೆಯುವ ಕಾಲದಲ್ಲಿ ಕಬ್ಬಿನ ಕಾರ್ಖಾನೆ ಮುಂದಿನ ಗಾಡಿಗಳ ಸಾಲು ನೋಡಿದ್ದೀರಲ್ವಾ? ಒಳಗೆ ಗಾಣ ಒಂದರ್ಧ ದಿನ ಕೆಟ್ಟರೆ ಸಾಕು. ಯಾರ್ಡ್ ತುಂಬುತ್ತದೆ, ಸಾಲು ರಸ್ತೆಗೆ ಬರುತ್ತದೆ, ಟ್ರ್ಯಾಕ್ಟರ್ ಹಿಂದೆ ಟ್ರ್ಯಾಕ್ಟರ್. ಅತ್ತ ಗದ್ದೆಯಲ್ಲಿ ಕಡಿದ ಕಬ್ಬು ಒಣಗಿ ತೂಕ ಕಳೆದುಕೊಳ್ಳುತ್ತಾ ಬಿದ್ದಿರುತ್ತದೆ. ಗಾಡಿಗಳಿಗೆ ಕೊರತೆ ಇಲ್ಲ, ಕಬ್ಬಿಗೂ ಇಲ್ಲ. ಖಾಲಿ ಗಾಡಿ ಗದ್ದೆಗೆ ವಾಪಸ್ ಹೋಗುತ್ತಿಲ್ಲ, ತೊಂದರೆ ಅಷ್ಟೇ. ಯುದ್ಧದ ರೈಲು ಕೆಡುವುದು ಹೀಗೇ. ಹೊಸ ಎಂಜಿನ್ ತಂದರೂ, ಹೊಸ ವ್ಯಾಗನ್ ಕೊಟ್ಟರೂ ಸಾಲು ಉದ್ದವಾಗುತ್ತದೆ, ಕರಗುವುದಿಲ್ಲ.

ಅದಕ್ಕೇ ಹಾಪ್ಟ್ ಪಟ್ಟು ಹಿಡಿದದ್ದು ಮೂರು ಮಾತಿಗೆ. ಬೇಕಾದದ್ದನ್ನು ಬೇಕಾದಾಗ ಮಾತ್ರ ಮುಂದೆ ಕಳಿಸಬೇಕು. ಬಂದ ವ್ಯಾಗನ್ ತಕ್ಷಣ ಖಾಲಿ ಮಾಡಿ ವಾಪಸ್ ಕಳಿಸಬೇಕು. ಗಾಡಿ ಯಾವಾಗ ಹೊರಡಬೇಕು, ಎಲ್ಲಿ ನಿಲ್ಲಬೇಕು ಅಂತ ರೈಲ್ವೆಯವರು ಬಿಟ್ಟು ಬೇರೆ ಯಾವ ಅಧಿಕಾರಿಯೂ ಹೇಳಬಾರದು, ಅವನು ಎಷ್ಟೇ ದೊಡ್ಡವನಿರಲಿ. ಜನರಲ್ ಪೋಪ್ ಎಂಬಾತ ಇದನ್ನು ಒಪ್ಪಲಿಲ್ಲ. ರೈಲನ್ನು ತನ್ನ ಉಗ್ರಾಣದ ಅಧಿಕಾರಿಗಳ ಕೈಗೆ ಕೊಟ್ಟ. ಹಾಪ್ಟ್ ಮನೆಗೆ ಹೋದ. ಕೆಲವೇ ದಿನದಲ್ಲಿ ಹಳಿಗಳೆಲ್ಲ ಕಟ್ಟಿಕೊಂಡು, ಒಂದು ಚಕ್ರವೂ ತಿರುಗುತ್ತಿಲ್ಲ, ಕೂಡಲೇ ಬಾ ಅಂತ ತಂತಿ ಬಂತು. ಅದೇ 1862ರ ಆಗಸ್ಟಿನಲ್ಲಿ ಸ್ಟರ್ಜಿಸ್ ಎಂಬ ಇನ್ನೊಬ್ಬ ಜನರಲ್, ನನ್ನ ಪಡೆ ಮೊದಲು ಹೋಗಬೇಕು ಅಂತ ಗಾಡಿಗಳನ್ನು ಅಡ್ಡಗಟ್ಟಿ ನಿಂತ. ಎದುರಿನಿಂದ ಬರಬೇಕಾದ ಗಾಡಿಗಳೂ ನಿಂತವು. ಮೇಲಿನವರ ಆಜ್ಞೆ ಬಂದ ಮೇಲೇ ಹಳಿ ಬಿಟ್ಟುಕೊಟ್ಟದ್ದು.

ಒಂಟಿ ಹಳಿಯ ಕಥೆಯೇ ಅಷ್ಟು. ದಿನಕ್ಕೆ ಎಷ್ಟು ಗಾಡಿ ಹೋಗಬಹುದು ಅಂತ ನಿರ್ಧರಿಸುವುದು ಎಂಜಿನ್ ವೇಗ ಅಲ್ಲ. ಎರಡು ಕ್ರಾಸಿಂಗ್ ಸ್ಟೇಷನ್‌ಗಳ ಮಧ್ಯದ ಅತಿ ಉದ್ದದ ತುಂಡು. ಆ ತುಂಡಿನಲ್ಲಿ ಒಂದು ಗಾಡಿ ಇರುವಾಗ ಇನ್ನೊಂದು ಹೋಗುವ ಹಾಗಿಲ್ಲ. ನಾಗನಹಳ್ಳಿಯಲ್ಲಿ ಬೆವರು ಒರೆಸಿಕೊಂಡು ಕೂತಾಗ ನಾವು ಕಾಯುತ್ತಿದ್ದದ್ದು ಆ ತುಂಡು ಖಾಲಿಯಾಗಲಿ ಅಂತ. ಅಲ್ಲಿ ಯಾರಾದರೂ ಪ್ರಭಾವಿಗಳು ಸ್ಟೇಷನ್ ಮಾಸ್ಟರ್ ಮುಂದೆ ಮೇಜು ಕುಟ್ಟಿದರೂ ಹಳಿ ಎರಡಾಗುತ್ತಿರಲಿಲ್ಲ.

ಯುದ್ಧ ಮುಗಿಯುವ ಹೊತ್ತಿಗೆ ಅಮೆರಿಕದ ಮಿಲಿಟರಿ ರೈಲ್ವೆ ಸುಮಾರು 3,400 ಕಿಲೋಮೀಟರ್ ಹಳಿ ಮತ್ತು 419 ಎಂಜಿನ್‌ಗಳನ್ನು ನಡೆಸಿತ್ತು. ಹೆಚ್ಚೂಕಡಿಮೆ 25,000 ಜನ ಕೆಲಸ ಮಾಡುತ್ತಿದ್ದರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಕಪ್ಪು ಜನ ಅವರಲ್ಲಿ ತುಂಬಾ ಇದ್ದರು, ಹಾಪ್ಟ್ ಅವರ ಕೆಲಸವನ್ನು ಬಾಯಿ ತುಂಬ ಹೊಗಳಿದ್ದ. ಹಳಿ ಕಟ್ಟುವುದನ್ನು ಕಲಿತವರು ಕೆಡಿಸುವುದನ್ನೂ ಕಲಿತರು. ಸ್ಲೀಪರ್‌ಗಳನ್ನು ಗುಡ್ಡೆ ಹಾಕಿ ಬೆಂಕಿ ಹಚ್ಚಿ, ಮೇಲೆ ಹಳಿ ಇಟ್ಟು, ಕೆಂಪಗೆ ಕಾದ ಮೇಲೆ ಮರಕ್ಕೆ ಸುತ್ತಿ ಬಿಡುತ್ತಿದ್ದರು. ಬಗ್ಗಿಸಿದ ಹಳಿಯನ್ನು ಮತ್ತೆ ನೆಟ್ಟಗೆ ಮಾಡಬಹುದು. ತಿರುಚಿದರೆ ಆಗುವುದಿಲ್ಲ, ಕಾರ್ಖಾನೆಗೇ ಹೋಗಬೇಕು. ಅದಕ್ಕಾಗಿ ತಿರುಚುವ ಕೊಕ್ಕೆಯನ್ನೇ ಮಾಡಿಕೊಂಡರು. ದಕ್ಷಿಣದ ಸಿಪಾಯಿಗಳಲ್ಲಿ ಒಂದು ಜೋಕ್ ಇತ್ತಂತೆ. ಉತ್ತರದ ಜನರಲ್ ಶೆರ್ಮನ್ ಬರದ ಹಾಗೆ ಸುರಂಗವನ್ನು ಸ್ಫೋಟಿಸೋಣ ಅಂತ ಒಬ್ಬ ಅಂದರೆ ಇನ್ನೊಬ್ಬ, "ಏನೂ ಪ್ರಯೋಜನ ಇಲ್ಲ, ಅವನು ಜೊತೆಗೆ ಇನ್ನೊಂದು ಸುರಂಗ ಹೊತ್ತುಕೊಂಡೇ ಬರ್ತಾನೆ" ಅಂದನಂತೆ.

ರೈಲು ಎತ್ತಿನ ಲೆಕ್ಕ ಮುರಿಯಿತು ಅಂದೆ. ಪೂರ್ತಿ ಮುರಿಯಲಿಲ್ಲ, ಯಾಕೆಂದರೆ ಎಂಜಿನ್ ಕೂಡ ತಿನ್ನುತ್ತದೆ, ಕುಡಿಯುತ್ತದೆ. ಸುಡಾನ್ ಯುದ್ಧದಲ್ಲಿ ಇದು ಎದ್ದು ಕಾಣುತ್ತದೆ. 1897ರ ಜನವರಿಯಲ್ಲಿ ಬ್ರಿಟಿಷ್ ಸೇನಾಧಿಕಾರಿ ಕಿಚನರ್ ಮರುಭೂಮಿಯ ಮೇಲೆ ನೇರವಾಗಿ, ವಾಡಿ ಹಾಲ್ಫಾದಿಂದ ಅಬು ಹಮೀದ್‌ಗೆ, 370 ಕಿಲೋಮೀಟರ್ ಹಳಿ ಹಾಕಿಸಲು ಶುರು ಮಾಡಿದ. ಕೆಲಸ ಹೊತ್ತವನು ಪರ್ಸಿ ಜಿರೂವಾರ್ಡ್, ಕೆನಡಾದ ಎಂಜಿನಿಯರ್, ಇನ್ನೂ ಮೂವತ್ತರ ಹರೆಯ. ಹಳಿ ಮುಂದೆ ಹೋದ ಹಾಗೆ ಕೆಲಸಗಾರರಿಗೆ ಕುಡಿಯುವ ನೀರು, ಎಂಜಿನ್ನಿಗೆ ನೀರು, ಎಲ್ಲ ಹಿಂದಿನಿಂದ ಅದೇ ರೈಲಿನಲ್ಲಿ ಬರಬೇಕು. ದೂರ ಬೆಳೆದಷ್ಟೂ ಗಾಡಿಯಲ್ಲಿ ನೀರೇ ಜಾಸ್ತಿ, ಹಳಿ ಕಡಿಮೆ. ಅರಕೆರೆಯ ಎತ್ತಿನ ಮೇವಿನ ಲೆಕ್ಕವೇ ಬೇರೆ ವೇಷದಲ್ಲಿ ಬಂದಿತ್ತು. ಪುಣ್ಯಕ್ಕೆ ದಾರಿಯಲ್ಲಿ ಎರಡು ಕಡೆ ಬಾವಿ ತೋಡಿದಾಗ ನೀರು ಸಿಕ್ಕಿತು. ಅಕ್ಟೋಬರ್ ಕೊನೆಗೆ ಹಳಿ ಮುಟ್ಟಿತು. ಊರೇ ಇಲ್ಲದ ಜಾಗ, ಹೀಗಾಗಿ ಅಲ್ಲಿನ ಸ್ಟೇಷನ್‌ಗಳಿಗೆ ಹೆಸರಿಲ್ಲ, ಬರೀ ನಂಬರ್.

ಇನ್ನೊಂದು ತೊಡಕು ಗೇಜ್, ಅಂದರೆ ಎರಡು ಹಳಿಗಳ ಮಧ್ಯದ ಅಗಲ. ಮೈಸೂರಿನ ರೈಲ್ವೆ ಮ್ಯೂಸಿಯಂಗೆ ಹೋದವರು ಒಂದು ಕೆಲಸ ಮಾಡಬಹುದು. ಮೀಟರ್ ಗೇಜ್ ಹಳಿಯ ಮೇಲೆ, ಒಂದೊಂದು ಹಳಿಗೆ ಒಂದೊಂದು ಕಾಲಿಟ್ಟು ನಿಲ್ಲಿ. ಸ್ವಲ್ಪ ಅಗಲಿಸಿದರೆ ನಿಲ್ಲಬಹುದು. ಬ್ರಾಡ್ ಗೇಜ್ ಮೇಲೆ ಇದನ್ನು ಮಾಡಲು ಹೋದರೆ ಪ್ಯಾಂಟ್ ಹರಿಯುತ್ತದೆ. ಒಂದರ ಅಗಲ 1,000 ಮಿಲಿಮೀಟರ್, ಇನ್ನೊಂದರದ್ದು 1,676. ಮೀಟರ್ ಗೇಜ್ ಹಾಕಲು ದುಡ್ಡು ಕಡಿಮೆ. ಮೈಸೂರು–ಬೆಂಗಳೂರು ಹಳಿ ಅದೇ ಅಗಲದ್ದಾಗಿ ಬಂದು, 1990ರ ದಶಕದವರೆಗೆ ಹಾಗೇ ಇತ್ತು. ಆದರೆ ಎರಡು ಗೇಜ್ ಸೇರುವ ಕಡೆ ಪ್ರತಿ ಮೂಟೆಯನ್ನೂ ಇಳಿಸಿ ಹತ್ತಿಸಬೇಕು. ಸೈನ್ಯದವರಿಗೆ ಇದು ನುಂಗಲಾಗದ ತುತ್ತು. 1870ರ ದಶಕದಲ್ಲಿ ಪಂಜಾಬದ ಗಡಿ ಕಡೆ ಮೀಟರ್ ಗೇಜ್ ಅಂತ ಶುರುವಾದ ಹಳಿಗಳನ್ನು ಸೈನ್ಯದ ಒತ್ತಾಯಕ್ಕೇ ಬ್ರಾಡ್ ಗೇಜ್ ಮಾಡಿದರು. 1941ರಲ್ಲಿ ರಷ್ಯಾಕ್ಕೆ ನುಗ್ಗಿದ ಜರ್ಮನರು ಒಂದು ಹಳಿಯನ್ನು ಒಂಬತ್ತು ಸೆಂಟಿಮೀಟರ್ ಒಳಗೆ ಸರಿಸುತ್ತಾ ಹೋದರು. ಅದು ಸುಲಭದ ಕೆಲಸ. ರಷ್ಯಾದ ಎಂಜಿನ್‌ಗಳು ಜಾಸ್ತಿ ನೀರು ಹೊರುತ್ತಿದ್ದವು, ಹಾಗಾಗಿ ಅಲ್ಲಿ ನೀರಿನ ತೊಟ್ಟಿಗಳು ದೂರ ದೂರ ಇದ್ದವು. ಜರ್ಮನ್ ಎಂಜಿನ್‌ಗಳಿಗೆ ಅಷ್ಟು ದೂರ ನೀರು ಸಾಲಲಿಲ್ಲ. ಚಳಿ ಬಂದಾಗ ಹೊರಗಿದ್ದ ಕೊಳವೆಗಳು ಹೆಪ್ಪುಗಟ್ಟಿದವು.

ಮೈಸೂರಿನವರಿಗೆ ಹತ್ತಿರವಾದ ಯುದ್ಧ ಅಂದರೆ ಮೊದಲ ಮಹಾಯುದ್ಧದ ಹೈಫಾ. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರದ ಕುದುರೆ ಪಡೆ ಭರ್ಜಿ ಹಿಡಿದು ಆ ಊರನ್ನು ಗೆದ್ದದ್ದು ಇಲ್ಲಿ ಎಲ್ಲರಿಗೂ ಗೊತ್ತು. ಆ ಕುದುರೆಗಳು ಅಲ್ಲಿಯವರೆಗೆ ಏನು ತಿಂದು, ಏನು ಕುಡಿದು ಬಂದವು ಅಂತ ಮಾತ್ರ ಯಾರೂ ಕೇಳುವುದಿಲ್ಲ. ಸೂಯೆಜ್ ಕಾಲುವೆಯಿಂದ ಪ್ಯಾಲೆಸ್ಟೈನಿಗೆ ಹೋಗಲು ಸಿನಾಯ್ ಮರುಭೂಮಿ ದಾಟಬೇಕು. 1916ರಿಂದ ಬ್ರಿಟಿಷ್ ಸೈನ್ಯ ಕಂತಾರಾ ಎಂಬಲ್ಲಿಂದ ಹಳಿ ಹಾಕುತ್ತಾ, ಜೊತೆಜೊತೆಗೆ ನೀರಿನ ಪೈಪ್ ಎಳೆಯುತ್ತಾ ಹೋಯಿತು. ಮಣ್ಣು ಹೊತ್ತವರು ಈಜಿಪ್ಟಿನ ಸಾವಿರಾರು ಕೂಲಿಗಳು. ಹಳಿ ಮುಂದೆ ಹೋದಷ್ಟೇ ಸೈನ್ಯ ಮುಂದೆ ಹೋಯಿತು. ಹಳಿ ನಿಂತರೆ ಸೈನ್ಯವೂ ನಿಂತಿತು. 1917ರ ಆರಂಭದಲ್ಲಿ ಎಲ್ ಅರೀಶ್, ಆಮೇಲೆ ರಫಾ, ಗಾಜಾದ ಬಾಗಿಲು. ಹೈಫಾದ ದಾಳಿಯಲ್ಲೂ ಕುದುರೆಗಳು ರೈಲ್ವೆ ಹಳಿ ದಾಟಿಯೇ ನುಗ್ಗಿದವು. ಹೈಫಾದಿಂದ ಒಳನಾಡಿಗೆ ಹೋಗುತ್ತಿದ್ದ ತುರ್ಕರ ಹಿಜಾಜ್ ರೈಲಿನ ಗೇಜ್ 1,050 ಮಿಲಿಮೀಟರ್. ನಮ್ಮ ಮೈಸೂರು ಹಳಿಗಿಂತ ಐದು ಸೆಂಟಿಮೀಟರ್ ಅಗಲ. ಇಲ್ಲಿನ ಎಂಜಿನ್ ಅಲ್ಲಿ ಓಡದಿರಲು ಅಷ್ಟು ಸಾಕು.

ಮೆಸೊಪೊಟೇಮಿಯಾದಲ್ಲಿ, ಅಂದರೆ ಇವತ್ತಿನ ಇರಾಕಿನಲ್ಲಿ, ಹಾಗಾಗಲಿಲ್ಲ. ಅಲ್ಲಿನ ಯುದ್ಧಕ್ಕೆ ಭಾರತದ ಮೀಟರ್ ಗೇಜ್ ಎಂಜಿನ್, ಹಳಿ, ವ್ಯಾಗನ್‌ಗಳೇ ಹಡಗು ಹತ್ತಿದವು. ಅದಕ್ಕೇ ಬಸ್ರಾ–ಬಾಗ್ದಾದ್ ರೈಲು ದಶಕಗಟ್ಟಲೆ ಮೀಟರ್ ಗೇಜ್ ಆಗಿಯೇ ಇತ್ತು. ಪೂರ್ವ ಆಫ್ರಿಕಾಕ್ಕೆ ಭಾರತೀಯ ಸ್ಯಾಪರ್ಸ್‌ನ, ಅಂದರೆ ಸೈನ್ಯದ ಎಂಜಿನಿಯರಿಂಗ್ ಪಡೆಯ, ರೈಲ್ವೆ ಕಂಪನಿಗಳು ಹೋಗಿ ಇವತ್ತಿನ ಕೀನ್ಯಾದ ವೋಯ್‌ನಿಂದ ಟವೆಟಾ ಕಡೆಗೆ ಯುದ್ಧದ ಹಳಿ ಹಾಕಿದವು.

ಫ್ರಾನ್ಸಿನ ಕಂದಕಗಳ ಕಡೆ ಕೊನೆಯ ಕೆಲವು ಮೈಲಿಗೆ ಇನ್ನೂ ಚಿಕ್ಕ ಹಳಿ ಬೇಕಾಯಿತು. ಅಗಲ ಬರೀ 60 ಸೆಂಟಿಮೀಟರ್. ಜೋಡಿಸಿಟ್ಟ ಏಣಿಯ ಹಾಗಿನ ತುಂಡುಗಳನ್ನು ನಾಲ್ಕಾರು ಸಿಪಾಯಿಗಳು ಕೈಯಲ್ಲೇ ಎತ್ತಿ ಇಡುತ್ತಿದ್ದರು. ಹಿಂದಿನ ಭಾಗದಲ್ಲಿ ಅಮೆರಿಕದಿಂದ ಬಂದ ಬಾಲ್ಡ್‌ವಿನ್ ಎಂಬ ಪುಟ್ಟ ಉಗಿ ಎಂಜಿನ್. ಶತ್ರುವಿಗೆ ಹೊಗೆ, ಬೆಂಕಿ ಕಾಣುವಷ್ಟು ಹತ್ತಿರ ಹೋದ ಮೇಲೆ ಪೆಟ್ರೋಲ್ ಎಂಜಿನ್, ಅದೂ ರಾತ್ರಿ ಹೊತ್ತು, ದೀಪ ಇಲ್ಲದೆ. ಓಡಿಸುತ್ತಿದ್ದವರು ನಿನ್ನೆಯವರೆಗೆ ಬ್ರಿಟನ್ನಿನ ಸ್ಟೇಷನ್‌ಗಳಲ್ಲಿ ಕೆಲಸ ಮಾಡಿದ್ದ ಡ್ರೈವರ್, ಫೈರ್‌ಮನ್‌ಗಳು, ಮೇಲೆ ಖಾಕಿ. ಇಡೀ ವ್ಯವಸ್ಥೆ ಸರಿ ಮಾಡಲು 1916ರಲ್ಲಿ ಕರೆದದ್ದೂ ಸೈನಿಕನನ್ನಲ್ಲ, ಎರಿಕ್ ಗೆಡ್ಡಿಸ್ ಎಂಬ ರೈಲ್ವೆ ಅಧಿಕಾರಿಯನ್ನು. ಒಂದೇ ಏಟಿಗೆ ಮೇಜರ್ ಜನರಲ್ ಮಾಡಿದರು. ಈತ ಚಿಕ್ಕ ವಯಸ್ಸಿನಲ್ಲಿ ನಮ್ಮ ಉತ್ತರ ಭಾರತದ ರೋಹಿಲ್‌ಖಂಡ್–ಕುಮಾವೂ ರೈಲ್ವೆಯಲ್ಲಿ ಪಳಗಿದವನು.

ಎರಡನೇ ಮಹಾಯುದ್ಧದಲ್ಲಿ ಹಾಪ್ಟ್ ಜಗಳ ಅಸ್ಸಾಮಿಗೆ ಬಂತು. ಬರ್ಮಾ ಗಡಿಯ ಯುದ್ಧಕ್ಕೂ ಚೀನಾಕ್ಕೂ ಹೋಗುವ ಸಾಮಾನೆಲ್ಲ ಬಂಗಾಳ–ಅಸ್ಸಾಂ ರೈಲಿನ ಒಂದೇ ಮೀಟರ್ ಗೇಜ್ ಹಳಿಯ ಮೇಲೆ ಹೋಗಬೇಕಿತ್ತು. ಚಹಾ ಸಾಗಿಸಲು ಮಾಡಿದ ಹಳಿ ಅದು. ಕಲ್ಕತ್ತಾ ಕಡೆಯಿಂದ ಬ್ರಾಡ್ ಗೇಜ್‌ನಲ್ಲಿ ಬಂದದ್ದನ್ನು ಪಾರ್ವತಿಪುರದಲ್ಲಿ ಇಳಿಸಿ ಮೀಟರ್ ಗೇಜ್‌ಗೆ ಹತ್ತಿಸಬೇಕು. ಮುಂದೆ ಬ್ರಹ್ಮಪುತ್ರ, ಸೇತುವೆ ಇಲ್ಲ. ವ್ಯಾಗನ್‌ಗಳನ್ನೇ ದೋಣಿ ಮೇಲೆ ಸಾಗಿಸಬೇಕು. 1944ರ ಮಾರ್ಚ್ 1ರಂದು ಅಮೆರಿಕದ ರೈಲ್ವೆ ಸೈನಿಕರು ಈ ಹಳಿಯ ಮುಖ್ಯ ಭಾಗವನ್ನು ಕೈಗೆ ತೆಗೆದುಕೊಂಡರು. ನಾಲ್ಕೂವರೆ ಸಾವಿರದಷ್ಟು ಜನ. ಅವರ ಒಂದೊಂದು ಬೆಟಾಲಿಯನ್ನೂ ಒಂದು ಪುಟ್ಟ ರೈಲ್ವೆ ಇಲಾಖೆ. ಒಂದು ಕಂಪನಿ ಹಳಿ ನೋಡಿಕೊಳ್ಳುತ್ತದೆ, ಇನ್ನೊಂದು ಎಂಜಿನ್ ರಿಪೇರಿ, ಮತ್ತೊಂದು ಗಾಡಿ ಓಡಿಸುತ್ತದೆ, ಮೇಲೊಂದು ಕಂಟ್ರೋಲ್. ನ್ಯೂಯಾರ್ಕ್ ಸೆಂಟ್ರಲ್‌ನಂಥ ರೈಲ್ವೆ ಕಂಪನಿಗಳು ತಮ್ಮ ನೌಕರರನ್ನೇ ಕೊಟ್ಟು ಕಟ್ಟಿದ ಬೆಟಾಲಿಯನ್‌ಗಳು.

ಅವರು ಬಂದ ಕೆಲವೇ ದಿನಕ್ಕೆ ಜಪಾನಿ ಸೈನ್ಯ ಕೊಹಿಮಾ, ಇಂಫಾಲ್ ಮೇಲೆ ಬಿತ್ತು. ಕೊಹಿಮಾದ ಕೆಳಗಿರುವ ದಿಮಾಪುರ ಇದೇ ಹಳಿಯ ಮೇಲಿದೆ. ಆಗ ಸ್ಟೇಷನ್ ಹೆಸರು ಮಣಿಪುರ ರೋಡ್. ಅದು ಕೈ ಬಿಟ್ಟಿದ್ದರೆ ಮುಂದಿನ ಯುದ್ಧಕ್ಕೆ ಊಟವೇ ಇರುತ್ತಿರಲಿಲ್ಲ. ಅಮೆರಿಕದವರನ್ನು ಹೊಗಳುವಾಗ ಒಂದು ಮಾತು ಬಿಟ್ಟು ಹೋಗುತ್ತದೆ. ಆ ಹಳಿಯ ಮೇಲೆ ಅವರಿಗಿಂತ ಎಷ್ಟೋ ಪಟ್ಟು ಹೆಚ್ಚು ಭಾರತೀಯ ನೌಕರರು ಕೆಲಸದಲ್ಲಿದ್ದರು. ಪಾಯಿಂಟ್ಸ್‌ಮನ್, ಗ್ಯಾಂಗ್‌ಮನ್, ಕಲ್ಲಿದ್ದಲು ಹಾಕುವವರು.

ಗಡಿಯ ಆಚೆ, ಅದೇ ಮೀಟರ್ ಗೇಜ್‌ನಲ್ಲಿ, ಜಪಾನಿನ ರೈಲ್ವೆ ರೆಜಿಮೆಂಟ್‌ಗಳು ಥಾಯ್ಲೆಂಡಿನಿಂದ ಬರ್ಮಾಕ್ಕೆ 415 ಕಿಲೋಮೀಟರ್ ಹಳಿ ಹಾಕಿಸಿದವು. 1943ರ ಅಕ್ಟೋಬರಿನಲ್ಲಿ ಮುಗಿಯಿತು. ಸತ್ತ ಯುದ್ಧಕೈದಿಗಳು 12,000ಕ್ಕೂ ಹೆಚ್ಚು. ಏಷ್ಯಾದ ಕೂಲಿಗಳು ಅದಕ್ಕಿಂತ ಎಷ್ಟೋ ಪಟ್ಟು ಸತ್ತರು, ಅವರಲ್ಲಿ ಮಲಯದ ರಬ್ಬರ್ ತೋಟಗಳಿಂದ ಎಳೆದು ತಂದ ತಮಿಳರು ಬಹಳ. ಇದನ್ನು ಎಂಜಿನಿಯರಿಂಗ್ ಸಾಹಸ ಅಂತ ಬರೆಯುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಯುದ್ಧದ ಹಸಿವು ನಮ್ಮ ಹತ್ತಿರಕ್ಕೂ ಬಂದಿತ್ತು. ಶೊರನೂರು–ನಿಲಂಬೂರು ಹಳಿಯನ್ನು 1941ರಲ್ಲಿ ಯುದ್ಧಕ್ಕೆಂದು ಕಿತ್ತು ಒಯ್ದರು. ಮತ್ತೆ ಹಾಕಿದ್ದು ಸ್ವಾತಂತ್ರ್ಯ ಬಂದ ಮೇಲೆ, 1950ರ ದಶಕದಲ್ಲಿ. ಇತ್ತ ಸ್ವತಂತ್ರ ಭಾರತವೂ ಟೆರಿಟೋರಿಯಲ್ ಆರ್ಮಿಯಲ್ಲಿ ರೈಲ್ವೆ ಘಟಕಗಳನ್ನು ಇಟ್ಟುಕೊಂಡಿತು. ವರ್ಷಕ್ಕೆ ಕೆಲವು ದಿನ ಸಮವಸ್ತ್ರ ಹಾಕುವ ರೈಲ್ವೆ ನೌಕರರು ಅವರು. ಯುದ್ಧಗಳಲ್ಲಿ ಕರೆದರು, 1974ರ ದೊಡ್ಡ ರೈಲ್ವೆ ಮುಷ್ಕರದಲ್ಲೂ ಗಾಡಿ ಓಡಿಸಲು ಕರೆದರು. ತಮ್ಮ ಸಂಗಾತಿಗಳೇ ಮುಷ್ಕರ ಹೂಡಿದಾಗ ಖಾಕಿ ಹಾಕಿ ಎಂಜಿನ್ ಹತ್ತುವವನ ಪಾಡು ಏನಿರಬಹುದು? ದೊಡ್ಡಪ್ಪನನ್ನು ಕೇಳಿದ್ದೆ. ಅವರು ಮಾತು ಬದಲಿಸಿದರು. 2023ರಲ್ಲಿ ಇಂಥ ಆರು ರೆಜಿಮೆಂಟ್‌ಗಳಲ್ಲಿ ಐದನ್ನು ಮುಚ್ಚಲು ಸರ್ಕಾರ ತೀರ್ಮಾನಿಸಿತು. ಉಳಿಸಿಕೊಂಡದ್ದು ಜಮಾಲ್‌ಪುರದ್ದು ಒಂದನ್ನೇ, ಸಿಲಿಗುರಿಯಿಂದ ಅಸ್ಸಾಮಿನ ರಂಗಿಯಾ ಕಡೆಗೆ ಹೋಗುವ ಹಳಿಗಾಗಿ.

ಕಂದಕಗಳ ಆ ಬಾಲ್ಡ್‌ವಿನ್ ಎಂಜಿನ್‌ಗಳ ಕಥೆ ಬಾಕಿ ಇದೆ. ಯುದ್ಧ ಮುಗಿದ ಮೇಲೆ ಮಾರಾಟಕ್ಕಿಟ್ಟರು. ಅವುಗಳಲ್ಲಿ ಹಲವು ಭಾರತಕ್ಕೆ ಬಂದವು. ಒಂದೆರಡು ಉತ್ತರ ಪ್ರದೇಶದ ಸಕ್ಕರೆ ಕಾರ್ಖಾನೆ ಸೇರಿ, ಮದ್ದುಗುಂಡು ಎಳೆದ ಕೊಕ್ಕೆಗೆ ಕಬ್ಬಿನ ಗಾಡಿ ಸಿಕ್ಕಿಸಿಕೊಂಡು ದಶಕಗಟ್ಟಲೆ ಓಡಿದವು. ಅವುಗಳಲ್ಲಿ 778 ನಂಬರಿನದನ್ನು ಬ್ರಿಟನ್ನಿನ ರೈಲು ಪ್ರೇಮಿಗಳು ವಾಪಸ್ ಒಯ್ದು ರಿಪೇರಿ ಮಾಡಿ, ಲೇಟನ್ ಬಜಾರ್ಡ್ ಎಂಬ ಊರಿನಲ್ಲಿ ಮತ್ತೆ ಉಗಿ ಏರಿಸಿದ್ದಾರೆ. ಅದರ ಫೋಟೋ ದೊಡ್ಡಪ್ಪನಿಗೆ ಮೊಬೈಲಿನಲ್ಲಿ ತೋರಿಸಿದೆ. ಕನ್ನಡಕ ಏರಿಸಿಕೊಂಡು ತುಂಬಾ ಹೊತ್ತು ನೋಡಿದರು. "ಕಬ್ಬು ಇಳಿಸಿದ ಮೇಲೆ ಖಾಲಿ ಗಾಡಿ ಯಾರು ಎಳ್ಕಂಡು ಹೋಗ್ತಿದ್ರು, ಇದೇನಾ?" ಅಂತ ಕೇಳಿದರು.